ಹೊಟ್ಟೆ ತೊಳಸಿದಾಗ ಏನು ಉಣ್ಣಬೇಕು, ಹೇಗೆ ಕುಡಿಯಬೇಕು

ಕಳೆದ ಶ್ರಾವಣದ ಒಂದು ಸೋಮವಾರ ದಾಸೋಹದ ಪಂಕ್ತಿಯಲ್ಲಿ ನನ್ನ ಎದುರಿಗೆ ಕುಳಿತಿದ್ದ ವೃದ್ಧ ತಾಯಿಯೊಬ್ಬರು ಎಲೆಯಲ್ಲಿದ್ದ ಗೋಧಿ ಹುಗ್ಗಿಯನ್ನು ನೋಡುತ್ತ ಸುಮ್ಮನೆ ಕುಳಿತಿದ್ದರು. ಮುಖ ಬಿಳಿಚಿತ್ತು. ಬಾಯಲ್ಲಿ ನೀರೂರಿ ಮತ್ತೆ ಮತ್ತೆ ಉಗುಳು ನುಂಗುತ್ತಿದ್ದರು. ಪ್ರಸಾದವನ್ನು ಎಲೆಯಲ್ಲಿ ಬಿಡಬಾರದೆಂಬ ನಿಷ್ಠೆಯಿಂದ ಎರಡು ತುತ್ತುಗಳನ್ನು ಬಲವಂತವಾಗಿ ನುಂಗಿದರು. ಮೂರನೆಯದಕ್ಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ನಡೆದರು. ಮುಖ ತೊಳೆದು ಕಟ್ಟೆಯ ಮೇಲೆ ಕುಳಿತ ನಂತರ, "ಪ್ರಸಾದ ಸೇರಲಿಲ್ಲವೆಂದು ತಿಳಿಯಬೇಡಿರಿ ಡಾಕ್ಟರೇ, ಬೆಳಗಿನಿಂದ ಹೊಟ್ಟೆ ತೊಳಸುತ್ತಿದೆ. ಬಡಿಸಿಕೊಂಡ ಮೇಲೆ ಬಿಡುವುದು ಹೇಗೆ?" ಎಂದು ನೊಂದುಕೊಂಡರು. ಬಡಿಸಿಕೊಳ್ಳುವಾಗಲೇ ಒಂದು ತುತ್ತು ಸಾಕೆಂದು ಹೇಳಬಹುದಾಗಿತ್ತು, ಒಂದು ಅಗುಳೂ ಪ್ರಸಾದವೇ ಅಲ್ಲವೇ ಎಂದೆ. ವಿಚಾರಿಸಿದಾಗ ಕಾರಣವೂ ತಿಳಿಯಿತು. ಸೋಮವಾರದ ಉಪವಾಸವೆಂದು ಬೆಳಿಗ್ಗೆ ಏನನ್ನೂ ತಿನ್ನದೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿದ್ದರು. ಆ ಮಾತ್ರೆಯನ್ನು ಊಟದೊಂದಿಗೆ ಸೇವಿಸಬೇಕು. ಬರಿ ಹೊಟ್ಟೆಯಲ್ಲಿ ಅದು ಅನೇಕರಿಗೆ ವಾಕರಿಕೆ ತರುತ್ತದೆ.

ನನ್ನ ಚಿಕಿತ್ಸಾಲಯಕ್ಕೆ ವಾಕರಿಕೆಯೆಂದು ಬರುವವರು ಔಷಧವನ್ನು ಕೇಳುವುದಕ್ಕಿಂತ ಮೊದಲು ಕೇಳುವ ಪ್ರಶ್ನೆ "ಏನು ತಿನ್ನಲಿ?" ಎಂಬುದೇ. ಅವರ ಜೊತೆಗೆ ಬಂದವರದು ಇನ್ನೊಂದು: "ಏನೂ ತಿನ್ನುತ್ತಿಲ್ಲ, ನೀವಾದರೂ ಹೇಳಿರಿ." ಈ ಎರಡನೆಯ ಮಾತಿನಲ್ಲಿ ಪ್ರೀತಿಯಿದೆ, ಆದರೆ ತೊಂದರೆಯ ಅರ್ಧ ಭಾಗವೂ ಅಲ್ಲೇ ಇದೆ. ಹೊಟ್ಟೆ ತೊಳಸುವಾಗ ಅನ್ನ ಒಂದು ದಿನ ಕಾಯಬಲ್ಲದು, ನೀರು ಕಾಯಲಾರದು. ನಮ್ಮ ಮನೆಗಳಲ್ಲಿ ನಡೆಯುವುದು ಬಹಳ ಸಲ ಇದಕ್ಕೆ ವಿರುದ್ಧ. ನಾಲ್ಕು ತುತ್ತು ಉಣ್ಣೆಂದು ಒತ್ತಾಯಿಸುತ್ತೇವೆ. ಕುಡಿದರೆ ವಾಂತಿಯಾಗುತ್ತದೆಂದು ನೀರನ್ನು ನಿಲ್ಲಿಸುತ್ತೇವೆ.

ಆಯುರ್ವೇದದಲ್ಲಿ ಈ ಸ್ಥಿತಿಗೆ ಹೃಲ್ಲಾಸ, ಉತ್ಕ್ಲೇಶ ಎಂಬ ಹೆಸರುಗಳಿವೆ. ವಾಂತಿಯೇ ಆದರೆ ಅದು ಛರ್ದಿ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 20ನೆಯ ಅಧ್ಯಾಯ ಇದಕ್ಕೇ ಮೀಸಲಾಗಿದೆ. ಅಲ್ಲಿ ಹೇಳಿದ ಐದು ವಿಧಗಳಲ್ಲಿ ನಾಲ್ಕು ವಾತ, ಪಿತ್ತ, ಕಫ ಹಾಗೂ ಸನ್ನಿಪಾತಗಳಿಂದ ಆಗುವಂಥವು. ಐದನೆಯದು ಮನಸ್ಸಿಗೆ ಹೇಸಿಗೆಯಾದ ವಸ್ತುವಿನ ದರ್ಶನದಿಂದ, ಗಂಧದಿಂದ, ಸೇವನೆಯಿಂದ ಆಗುವಂಥದ್ದು. ಕೇವಲ ವಾಸನೆ ಒಬ್ಬ ಮನುಷ್ಯನನ್ನು ಮಲಗಿಸಿಬಿಡಬಲ್ಲದೆಂಬ ಸಂಗತಿಯನ್ನು ಆಚಾರ್ಯರು ಅಷ್ಟು ಗಂಭೀರವಾಗಿ ಪರಿಗಣಿಸಿದ್ದರು. ಛರ್ದಿಗಳೆಲ್ಲವೂ ಆಮಾಶಯದ ಕ್ಷೋಭೆಯಿಂದ ಹುಟ್ಟುವುದರಿಂದ, ವಾತದಿಂದ ಆದದ್ದನ್ನು ಬಿಟ್ಟು ಉಳಿದವುಗಳಲ್ಲಿ ಮೊದಲು ಲಂಘನ ಮಾಡಿಸಬೇಕೆಂಬುದು ಅಲ್ಲಿಯ ಅಭಿಪ್ರಾಯ. ಲಂಘನವೆಂದರೆ ಹೊಟ್ಟೆಯನ್ನು ಹಗುರಗೊಳಿಸುವುದು. ಅದನ್ನು ನಿರ್ಜಲ ಉಪವಾಸವೆಂದು ತಿಳಿಯಬಾರದು.

ಇಂದಿನ ಶರೀರಶಾಸ್ತ್ರವೂ ಇದೇ ದಿಕ್ಕನ್ನು ತೋರಿಸುತ್ತದೆ. ಆರೋಗ್ಯವಂತರ ಜಠರದಲ್ಲಿ ನಿಮಿಷಕ್ಕೆ ಸುಮಾರು 3 ಅಲೆಗಳ ಒಂದು ಲಯವಿರುತ್ತದೆ. ಆಹಾರ ಅರೆದು ಮುಂದೆ ಸಾಗುವುದು ಆ ಲಯದಿಂದ. ವಾಕರಿಕೆಯಲ್ಲಿ ಆ ಲಯ ಕೆಡುತ್ತದೆ, ಹೊಟ್ಟೆ ಖಾಲಿಯಾಗುವುದು ನಿಧಾನವಾಗುತ್ತದೆ. ಸಹಜ ಸ್ಥಿತಿಯಲ್ಲಿಯೇ ಎಣ್ಣೆ, ತುಪ್ಪ, ಕೆನೆಹಾಲಿನ ಪದಾರ್ಥಗಳು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತವೆ. ಲಯ ಕೆಟ್ಟ ಹೊಟ್ಟೆಗೆ ಒಂದು ಬಟ್ಟಲು ಬಾದಾಮಿ ಹಾಲನ್ನು ಸುರಿದರೆ ಆಗುವುದೇನೆಂದು ಬೇರೆ ಹೇಳಬೇಕಾಗಿಲ್ಲ. ಹಾಲು ತಂಪು, ಪಿತ್ತಕ್ಕೆ ಒಳ್ಳೆಯದು ಎಂದು ವಾದಿಸುವವರು ಸಿಗುತ್ತಾರೆ. ಆರೋಗ್ಯವಂತರಿಗೆ ಆ ಮಾತು ಸಲ್ಲುತ್ತದೆ. ತೊಳಸುವ ಹೊಟ್ಟೆಗೆ ಹಾಲು ಭಾರ.

ಚಮಚದ ಲೆಕ್ಕ

ವಾಂತಿಯಾದ ಕೂಡಲೇ ಒಂದು ಲೋಟ ನೀರನ್ನು ಗಟಗಟನೆ ಕುಡಿಸುವುದು, ಅದೂ ಹೊರಬಂದಾಗ "ನೀರೂ ನಿಲ್ಲುತ್ತಿಲ್ಲ" ಎಂದು ಹೆದರಿ ಪೂರ್ತಿ ನಿಲ್ಲಿಸುವುದು, ಈ ಎರಡನ್ನೂ ನಾನು ಸಾವಿರ ಸಲ ಕಂಡಿದ್ದೇನೆ. ನಿಜಕ್ಕೂ ಮಾಡಬೇಕಾದದ್ದು ಸುಲಭವಿದೆ. ವಾಂತಿಯಾದ ನಂತರ ಬಾಯಿ ಮುಕ್ಕಳಿಸಿ ಹತ್ತು ನಿಮಿಷ ಸುಮ್ಮನಿರಬೇಕು. ಆಮೇಲೆ ಎರಡು ನಿಮಿಷಕ್ಕೊಮ್ಮೆ ಒಂದು ಚಹಾ ಚಮಚದಷ್ಟು ದ್ರವವನ್ನು ಕೊಡಬೇಕು. ಒಂದು ಚಮಚ ಯಾವ ಲೆಕ್ಕಕ್ಕೆ ಎಂದು ಹೀಯಾಳಿಸಬೇಡಿ. ಚಹಾ ಚಮಚ 5 ಮಿಲಿಲೀಟರ್. ಗಂಟೆಗೆ 150 ಮಿಲಿಲೀಟರ್ ಆಯಿತು, ಆರು ಗಂಟೆಗಳಲ್ಲಿ 900. ಹೆಚ್ಚುಕಡಿಮೆ ಒಂದು ಲೀಟರ್ ನೀರು ಹೊಟ್ಟೆಗೆ ಗೊತ್ತಾಗದಂತೆ ಒಳಗೆ ಸೇರುತ್ತದೆ. ಹತ್ತಿರ ಕುಳಿತು ಚಮಚ ಹಿಡಿಯುವ ಒಬ್ಬರು ಬೇಕು, ಅಷ್ಟೇ.

1971ರ ಬಾಂಗ್ಲಾ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳದ ಮೂಲಕ ಕೊಡುವ ಸಲೈನ್ ಮುಗಿದುಹೋದಾಗ ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಪಾತ್ರೆಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು ಅವರ ಆರೈಕೆಯಲ್ಲಿದ್ದವರಲ್ಲಿ 4ಕ್ಕಿಂತ ಕೆಳಗೆ ಇಳಿಯಿತು. ವಾಂತಿ ಮಾಡುತ್ತಿದ್ದವರೂ ಅವರಲ್ಲಿದ್ದರು. ಅವರು 2022ರಲ್ಲಿ ತೀರಿಕೊಂಡರು. ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಬಂತು. ನಾನು ಆಯುರ್ವೇದದವನು, ಆದರೂ ನನ್ನ ಮೇಜಿನ ಮೇಲೆ ಓಆರ್‌ಎಸ್ ಪೊಟ್ಟಣಗಳು ಸದಾ ಇರುತ್ತವೆ.

ಆ ಪೊಟ್ಟಣದ ವಿಷಯದಲ್ಲಿ ಒಂದು ಎಚ್ಚರಿಕೆ. ಒಂದು ಲೀಟರಿನ ಪೊಟ್ಟಣವನ್ನು ಒಮ್ಮೆಲೇ ಒಂದು ಲೀಟರ್ ನೀರಿಗೆ ಬೆರೆಸಬೇಕು. ಒಂದು ಲೋಟಕ್ಕೆ ಪೂರ್ತಿ ಸುರಿದರೆ ಉಪ್ಪಿನ ಪ್ರಮಾಣ ಅಪಾಯಕರವಾಗಿ ಏರುತ್ತದೆ. ಇಂದು ಸ್ವಲ್ಪ, ನಾಳೆ ಸ್ವಲ್ಪ ಎಂದು ಅಂದಾಜಿನಲ್ಲಿ ಉದುರಿಸುವುದೂ ತಪ್ಪು. ಬೆರೆಸಿದ್ದನ್ನು 24 ಗಂಟೆಗಳ ನಂತರ ಚೆಲ್ಲಿಬಿಡಬೇಕು. ಔಷಧದಂಗಡಿಯಲ್ಲಿ ಹಣ್ಣಿನ ಚಿತ್ರವಿರುವ ಸಿಹಿ ಪಾನೀಯದ ಡಬ್ಬಿಯನ್ನು ಕೊಟ್ಟರೆ ಹಿಂದಿರುಗಿಸಿ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಿಸಿದ ಪುಡಿಯನ್ನೇ ಕೇಳಿರಿ. ಅದು ಸಿಗದಿದ್ದಾಗ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮತಟ್ಟಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಬಹುದು. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಮತ್ತೆ ಮಾಡಬೇಕು.

ಎಳನೀರು ಹಿತವಾದದ್ದೇ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಭೇದಿಯೂ ಇದ್ದರೆ ಎಳನೀರೊಂದೇ ಸಾಲದು. ಮೂತ್ರಪಿಂಡದ ಕಾಯಿಲೆಯವರು ಅದನ್ನು ವೈದ್ಯರನ್ನು ಕೇಳದೆ ಕುಡಿಯಲೇಬಾರದು. ಗೋಲಿ ಸೋಡಾದ ಬಗೆಗೆ ನನಗೆ ಬಾಲ್ಯದ ಮಮತೆಯಿದೆ. ಒಂದು ತೇಗು ಬಂದು ಕ್ಷಣಕಾಲ ಹಾಯೆನಿಸುತ್ತದೆ. ಅದರ ಗಾಳಿ ಮೊದಲೇ ಉಬ್ಬಿದ ಹೊಟ್ಟೆಯನ್ನು ಇನ್ನಷ್ಟು ಹಿಗ್ಗಿಸುವುದರಿಂದ ನಾನು ಅದನ್ನು ಸಲಹೆ ಮಾಡುವುದಿಲ್ಲ. ಚಹಾ, ಕಾಫಿಗಳನ್ನು ಆ ದಿನದ ಮಟ್ಟಿಗೆ ಬಿಡುವುದು ಒಳ್ಳೆಯದು.

ಅರಳಿನ ಗಂಜಿ

ದ್ರವ ನಿಂತಿತು, ಮೂರ್ನಾಲ್ಕು ಗಂಟೆ ವಾಂತಿಯಿಲ್ಲ. ಈಗ ಏನು ಕೊಡಬೇಕು? ನನ್ನ ಗುರುಗಳು ಕಲಿಸಿದ, ನಲವತ್ತು ವರ್ಷಗಳಲ್ಲಿ ನನ್ನನ್ನು ನಿರಾಶೆಗೊಳಿಸದ ಉತ್ತರ ಲಾಜಮಂಡ, ಅಂದರೆ ಭತ್ತದ ಅರಳಿನ ತಿಳಿಗಂಜಿ. ನಾಗರಪಂಚಮಿಗೆ ನಮ್ಮಲ್ಲಿ ಜೋಳದ ಅರಳು ಹುರಿಯುತ್ತಾರೆ. ಶಾಸ್ತ್ರದ ಲಾಜ ಭತ್ತದ್ದು, ಮದುವೆಯ ಲಾಜಾಹೋಮದಲ್ಲಿ ಬಳಸುವಂಥದ್ದು. ಬಿಸಿಯಲ್ಲಿ ಸಿಡಿದು ಅರಳಿದ ಕಾಳಿನ ಪಿಷ್ಟ ಆಗಲೇ ಅರ್ಧ ಪಕ್ವವಾಗಿರುವುದರಿಂದ ಅದು ಬಹು ಲಘು. ಒಂದು ಹಿಡಿ ಅರಳನ್ನು ಹೊಟ್ಟು ಆರಿಸಿ, ನಾಲ್ಕು ಲೋಟ ನೀರಿನಲ್ಲಿ ಸಣ್ಣ ಉರಿಯ ಮೇಲೆ ಕಾಲು ಗಂಟೆ ಕುದಿಸಿ ಸೋಸಬೇಕು. ಚಿಟಿಕೆ ಸೈಂಧವ ಲವಣ, ಚಿಟಿಕೆ ಶುಂಠಿಪುಡಿ ಸೇರಿಸಿ, ಬಿಸಿ ಆರಿ ಉಗುರು ಬೆಚ್ಚಗಾದ ಮೇಲೆ ಅದನ್ನೂ ಚಮಚದ ಲೆಕ್ಕದಲ್ಲಿಯೇ ಕುಡಿಸಬೇಕು. ಬಿಸಿ ಗಂಜಿಯಿಂದ ಏಳುವ ಹಬೆಯ ವಾಸನೆ ಮತ್ತೆ ವಾಕರಿಕೆ ತರಬಹುದು, ಆದ್ದರಿಂದಲೇ ಆರಿಸುವುದು. ಮನೆಯಲ್ಲಿ ಭತ್ತದ ಅರಳಿಲ್ಲದಿದ್ದರೆ ಹಳೆಯ ಅಕ್ಕಿಯನ್ನು ತುಸು ಹುರಿದು ನುಚ್ಚು ಮಾಡಿ ಗಂಜಿ ಕಾಸಬಹುದು. ಜೋಳದ ನುಚ್ಚು, ರಾಗಿ ಅಂಬಲಿಗಳು ಮರುದಿನಕ್ಕೆ ಇರಲಿ.

ಏನನ್ನಾದರೂ ಅಗಿಯಬೇಕೆಂದು ಬಯಸುವವರಿಗೆ ಒಣಗಿದ ಖಡಕ್ ರೊಟ್ಟಿಯ ಒಂದು ತುಂಡು ಅಥವಾ ಒಂದು ಹಿಡಿ ಒಣ ಚುರುಮುರಿ ಕೊಡಬಹುದು. ಚುರುಮುರಿ ಎಂದೆ, ಗಿರ್ಮಿಟ್ ಎನ್ನಲಿಲ್ಲ. ಒಣ ಪದಾರ್ಥಕ್ಕೆ ವಾಸನೆ ಕಡಿಮೆ, ಎಣ್ಣೆಯಿಲ್ಲ. ತಿನ್ನುವುದನ್ನೂ ಕುಡಿಯುವುದನ್ನೂ ಒಟ್ಟಿಗೆ ಮಾಡದೆ ಅರ್ಧ ಗಂಟೆಯ ಅಂತರ ಇಟ್ಟರೆ ಹೊಟ್ಟೆ ತುಂಬಿ ಉಬ್ಬುವುದಿಲ್ಲ. ಉಂಡ ಕೂಡಲೇ ಮಲಗಬಾರದು.

ಶುಂಠಿಯ ಗುಣವನ್ನು ಹಿರಿಯರು ಬಲ್ಲರು. ಗರ್ಭಿಣಿಯರ ವಾಕರಿಕೆಯಲ್ಲಿ ಅದು ಸ್ವಲ್ಪಮಟ್ಟಿಗೆ ಉಪಶಮನ ಕೊಡುತ್ತದೆಂದು ಆಧುನಿಕ ಅಧ್ಯಯನಗಳೂ ಒಪ್ಪಿವೆ. ಹಸಿಶುಂಠಿಯ ತೆಳುವಾದ ಬಿಲ್ಲೆಯೊಂದನ್ನು ಉಪ್ಪಿನೊಂದಿಗೆ ನಾಲಿಗೆಯ ಮೇಲಿಟ್ಟುಕೊಳ್ಳಬಹುದು. ಒಣಶುಂಠಿಯ ಪುಡಿಯಾದರೆ ದಿನಕ್ಕೆ 1 ಗ್ರಾಂ, ಅಂದರೆ ಸುಮಾರು ಅರ್ಧ ಚಹಾ ಚಮಚವನ್ನು ಮೀರಬಾರದು; ಅದನ್ನೂ ಮೂರ್ನಾಲ್ಕು ಸಲ ಹಂಚಿಕೊಳ್ಳಬೇಕು. ಎದೆಯುರಿ, ಹುಳಿತೇಗು ಇರುವವರಿಗೆ ಶುಂಠಿ ಉರಿಯನ್ನು ಹೆಚ್ಚಿಸೀತು. ಅಂಥವರಿಗೆ ಕೊತ್ತಂಬರಿ ಬೀಜದ ಹಿಮ ಮೇಲು: ಒಂದು ಪಾಲು ಜಜ್ಜಿದ ಬೀಜಕ್ಕೆ ಆರು ಪಾಲು ನೀರು ಹಾಕಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಸೋಸಿ, ಚೂರು ಕಲ್ಲುಸಕ್ಕರೆಯೊಂದಿಗೆ ಗುಟುಕು ಗುಟುಕಾಗಿ ಕುಡಿಯುವುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಶುಂಠಿಯನ್ನು ಅಡುಗೆಯ ಪ್ರಮಾಣಕ್ಕೆ ಸೀಮಿತಗೊಳಿಸಬೇಕು. ನಿಂಬೆಯ ವಿಷಯದಲ್ಲಿ ಹೇಳುವುದು ಸ್ವಲ್ಪವೇ: ಕೆಲವರಿಗೆ ಅದರ ರಸಕ್ಕಿಂತ ಹೋಳಿನ ವಾಸನೆಯೇ ಹೆಚ್ಚು ಉಪಕಾರಿ.

ಪ್ರಾತಃಕಾಲದಲ್ಲಿ ಗಂಟಲಿಗೆ ಬೆರಳು ಹಾಕಿ "ಪಿತ್ತ ತೆಗೆಯುವ" ಅಭ್ಯಾಸ ನಮ್ಮ ಹಿರಿಯರಲ್ಲಿ ಈಗಲೂ ಇದೆ. ಬಚ್ಚಲಿನಿಂದ ಬರುವ ಆ ಧ್ವನಿಗೆ ಓಣಿಯೇ ಎಚ್ಚರಗೊಳ್ಳುತ್ತದೆ. ದಯವಿಟ್ಟು ಇದನ್ನು ವಮನಕರ್ಮವೆಂದು ಕರೆಯಬೇಡಿ. ವಮನವೆಂಬುದು ಬಲವಂತರಾದ ರೋಗಿಗಳಿಗೆ, ಸ್ನೇಹ ಸ್ವೇದಗಳ ಪೂರ್ವಸಿದ್ಧತೆಯ ನಂತರ, ವೈದ್ಯನ ಕಣ್ಣೆದುರಿನಲ್ಲಿ ನಡೆಯತಕ್ಕ ಕ್ರಿಯೆ. ನಿತ್ಯವೂ ಹುಳಿಯನ್ನು ಮೇಲಕ್ಕೆ ಎಳೆದರೆ ಅನ್ನನಾಳವೂ ಹಲ್ಲೂ ಸವೆಯುತ್ತವೆ. ತಾನಾಗಿ ಬಂದ ವಾಂತಿಯನ್ನು ತಡೆದುಕೊಳ್ಳುವುದೂ ಬೇಡ; ತಡೆಯಬಾರದ 13 ವೇಗಗಳಲ್ಲಿ ಚರಕನು ಅದನ್ನೂ ಸೇರಿಸಿದ್ದಾನೆ.

ಬಸುರಿಯ ಓಕರಿಕೆ

ಈ ಲೇಖನವನ್ನು ಬರೆಯಲು ಹೊರಟಿದ್ದು ಮುಖ್ಯವಾಗಿ ಈ ಭಾಗಕ್ಕಾಗಿ. ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ.

ನಾನು ವೃತ್ತಿ ಆರಂಭಿಸಿದ ಮೂರನೆಯ ವರ್ಷ. ಚೊಚ್ಚಲ ಬಸುರಿಯೊಬ್ಬಳನ್ನು ಆಕೆಯ ಅತ್ತೆ ಕರೆತಂದರು. ಎರಡೂವರೆ ತಿಂಗಳು, ದಿನಕ್ಕೆ ಆರೇಳು ಸಲ ವಾಂತಿ. "ನಾವೂ ನಾಲ್ಕು ಹೆತ್ತಿದ್ದೇವೆ, ಇಷ್ಟೊಂದು ನಾಟಕ ಕಾಣಲಿಲ್ಲ" ಎಂದರು ಆ ಹಿರಿಯರು. ಗರ್ಭಲಕ್ಷಣಗಳಲ್ಲಿ ಛರ್ದಿ ಒಂದು, ಅದು ತಾನಾಗಿ ನಿಲ್ಲುತ್ತದೆ ಎಂದು ಪುಸ್ತಕದಲ್ಲಿ ಓದಿದ್ದ ನಾನು ತೂಕ ನೋಡಲಿಲ್ಲ, ಮೂತ್ರ ಎಷ್ಟು ಸಲ ಆಗುತ್ತಿದೆಯೆಂದು ಕೇಳಲಿಲ್ಲ. ಏಲಕ್ಕಿ ಸೇರಿದ ಒಂದು ಚೂರ್ಣ ಕೊಟ್ಟು, "ಎಲ್ಲರಿಗೂ ಆಗುವುದೇ ಮಗಳೇ, ಸಹಿಸಿಕೋ" ಎಂದೆ. ಆ ಮಾತು ಅತ್ತೆಯ ಕೈಗೆ ಒಂದು ಆಯುಧವಾಯಿತು. ಹನ್ನೆರಡು ದಿನಗಳ ನಂತರ ಆಕೆಯ ತಂದೆ ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಬಂದರು. ನಾಲಿಗೆ ಒಣಗಿ ಬಿರಿದಿತ್ತು, ಕಣ್ಣು ಒಳಸೇರಿದ್ದವು, ಹಿಂದಿನ ರಾತ್ರಿಯಿಂದ ಮೂತ್ರವಿರಲಿಲ್ಲ. ಜಿಲ್ಲಾ ಕೇಂದ್ರಕ್ಕೆ ಒಯ್ದು ಐದು ದಿನ ಸಲೈನ್ ಮತ್ತು ಜೀವಸತ್ವಗಳನ್ನು ಕೊಡಿಸಬೇಕಾಯಿತು. ತಾಯಿಯೂ ಮಗುವೂ ಉಳಿದರು. ಅದು ಅಲ್ಲಿಯ ವೈದ್ಯರ ಜಾಣತನ, ನನ್ನದಲ್ಲ. ಆಸ್ಪತ್ರೆಯಲ್ಲಿ ಆಕೆ ನನ್ನನ್ನು ನೋಡಿ ಹೇಳಿದ್ದು ಒಂದೇ ಮಾತು: "ನೀವೂ ನಂಬಲಿಲ್ಲರಿ."

ಬಸುರಿಯ ಓಕರಿಕೆ ಮನಸ್ಸಿನ ಆಟವೆಂಬ ಅಪವಾದ ನಮ್ಮ ನಾಡಿಗಷ್ಟೇ ಸೀಮಿತವಾದದ್ದಲ್ಲ. ಅಮೆರಿಕದ ತಳಿವಿಜ್ಞಾನಿ ಮಾರ್ಲೀನಾ ಫೀಜೊ ಎಂಬವರು 1999ರಲ್ಲಿ ಇಂಥ ತೀವ್ರ ವಾಂತಿಯಿಂದ ಗರ್ಭವನ್ನೇ ಕಳೆದುಕೊಂಡರು. ಆಕೆಯ ಮಾತನ್ನೂ ವೈದ್ಯರು ನಂಬಿರಲಿಲ್ಲ. ಆಕೆ ಅದರ ಕಾರಣವನ್ನು ಹುಡುಕುತ್ತ ಹೋದರು. ಜಿಡಿಎಫ್15 ಎಂಬ ಹಾರ್ಮೋನು ಭ್ರೂಣ ಮತ್ತು ಮಾಸುಗಳಿಂದ ತಾಯಿಯ ರಕ್ತಕ್ಕೆ ಸೇರಿ, ಮಿದುಳಿನ ವಾಕರಿಕೆಯ ಕೇಂದ್ರವನ್ನು ಕೆಣಕುತ್ತದೆ. ಗರ್ಭ ಧರಿಸುವ ಮೊದಲು ಯಾರ ದೇಹದಲ್ಲಿ ಅದರ ಪ್ರಮಾಣ ಕಡಿಮೆಯಿತ್ತೋ ಅವರಿಗೆ ಬಾಧೆ ಹೆಚ್ಚು ಎಂಬುದನ್ನು ಆಕೆಯೂ ಕೇಂಬ್ರಿಜ್‌ನ ಸಂಶೋಧಕರೂ ಸೇರಿ 2023ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ಅತ್ತೆಗೆ ಆಗದ್ದು ಸೊಸೆಗೆ ಏಕಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ರಕ್ತದಲ್ಲಿದೆ.

ಸಾಮಾನ್ಯವಾಗಿ ಈ ಬಾಧೆ ಆರನೆಯ ವಾರದ ಸುಮಾರಿಗೆ ಆರಂಭವಾಗಿ, ಒಂಬತ್ತನೆಯ ವಾರದ ಹೊತ್ತಿಗೆ ಹೆಚ್ಚಾಗಿ, ಬಹುತೇಕರಲ್ಲಿ ಇಪ್ಪತ್ತನೆಯ ವಾರದೊಳಗೆ ನಿಲ್ಲುತ್ತದೆ. ಅಲ್ಲಿಯವರೆಗೆ ಹೊಟ್ಟೆಯನ್ನು ಪೂರ್ತಿ ಖಾಲಿ ಬಿಡಬಾರದು, ಪೂರ್ತಿ ತುಂಬಿಸಲೂ ಬಾರದು. ರಾತ್ರಿ ಮಲಗುವಾಗ ತಲೆದಿಂಬಿನ ಹತ್ತಿರ ಒಂದು ಡಬ್ಬಿಯಲ್ಲಿ ಖಡಕ್ ರೊಟ್ಟಿಯ ತುಂಡುಗಳನ್ನು ಇಟ್ಟುಕೊಳ್ಳಲಿ. ಬೆಳಿಗ್ಗೆ ಎಚ್ಚರವಾದಾಗ ಹಾಸಿಗೆಯಿಂದ ಏಳುವ ಮೊದಲೇ ಒಂದೆರಡು ತುಂಡು ಅಗಿದು, ಕಾಲು ಗಂಟೆ ಮಲಗಿದ್ದು, ಆಮೇಲೆ ನಿಧಾನವಾಗಿ ಏಳಬೇಕು. ಬೇರೆ ದೇಶಗಳಲ್ಲಿ ಇದಕ್ಕೆ ಉಪ್ಪು ಬಿಸ್ಕತ್ತನ್ನು ಹೇಳುತ್ತಾರೆ. ನಮ್ಮ ಜೋಳದ ರೊಟ್ಟಿ ಅದಕ್ಕಿಂತ ಉತ್ತಮವೆಂಬುದು ನನ್ನ ಅನುಭವ, ಅದರಲ್ಲಿ ಮೈದಾ ಇಲ್ಲ, ಡಾಲ್ಡಾ ಇಲ್ಲ. ಲಿಂಗಪೂಜೆಗೆ ಮೊದಲು ತಿನ್ನುವುದು ಹೇಗೆಂದು ಕೆಲವು ತಾಯಂದಿರು ಸಂಕೋಚದಿಂದ ಕೇಳಿದ್ದಾರೆ. ಗುರುಗಳಲ್ಲಿ ಅರಿಕೆ ಮಾಡಿಕೊಂಡರೆ ಸಮಾಧಾನ ಸಿಗುತ್ತದೆ, ಬಸುರಿಯನ್ನು ಹಸಿವಿನಲ್ಲಿರಿಸಿ ಎಂದು ಹೇಳಿದ ಸ್ವಾಮಿಗಳನ್ನು ನಾನು ಕಂಡಿಲ್ಲ.

ದಿನದಲ್ಲಿ ಎರಡು ಗಂಟೆಗೊಮ್ಮೆ ಮುಷ್ಟಿಯಷ್ಟು ಆಹಾರ ಸಾಕು. ಹೆಸರುಬೇಳೆಯ ಕಟ್ಟು, ಮೊಸರನ್ನ, ಹುರಿಗಡಲೆ, ದಾಳಿಂಬೆ, ಬಾಳೆಹಣ್ಣು, ಆಕೆಗೆ ಯಾವುದು ಸೇರುತ್ತದೆಯೋ ಅದು. ಬಯಕೆಯ ಹುಳಿಯನ್ನು ತಡೆಯಬೇಡಿ. ಮಾವಿನ ಹೀಚು, ಹುಣಸೆ ಚಿಗುರು ಸ್ವಲ್ಪ ಪ್ರಮಾಣದಲ್ಲಿ ಬಾಧಕವಲ್ಲ. ಕಬ್ಬಿಣದ ಮಾತ್ರೆಯಿಂದ ವಾಕರಿಕೆ ಹೆಚ್ಚುತ್ತದೆಂದು ಅನೇಕರು ಅದನ್ನು ಗುಟ್ಟಾಗಿ ಬಚ್ಚಲಿಗೆ ಎಸೆಯುತ್ತಾರೆ. ಎಸೆಯುವ ಬದಲು ವೈದ್ಯರಿಗೆ ಹೇಳಿದರೆ ರಾತ್ರಿ ಊಟದ ನಂತರಕ್ಕೆ ಬದಲಾಯಿಸಿಯೋ, ಕೆಲ ವಾರ ಮುಂದೂಡಿಯೋ ದಾರಿ ಮಾಡಿಕೊಡುತ್ತಾರೆ.

ಇನ್ನು ಒಗ್ಗರಣೆ. ಕಾದ ಎಣ್ಣೆಗೆ ಬೆಳ್ಳುಳ್ಳಿ ಬಿದ್ದ ಕ್ಷಣ ಬಸುರಿ ಬಚ್ಚಲಿಗೆ ಓಡುವುದನ್ನು ಎಲ್ಲ ಮನೆಗಳೂ ಕಂಡಿವೆ. ಆದರೂ ಒಲೆಯ ಮುಂದೆ ಆಕೆಯೇ ನಿಲ್ಲಬೇಕು! ಚರಕನು ಹೇಳಿದ ಐದನೆಯ ವಿಧದ ಛರ್ದಿಗೆ ಕಾರಣವನ್ನು ದೂರಮಾಡುವುದೇ ಮೊದಲ ಚಿಕಿತ್ಸೆ. ಎಂಟು ಹತ್ತು ವಾರ ಅಡುಗೆಯನ್ನು ಗಂಡನೋ, ಅತ್ತೆಯೋ, ಮೈದುನನೋ ಮಾಡಿದರೆ ನನ್ನ ಯಾವ ಚೂರ್ಣಕ್ಕಿಂತಲೂ ಅದು ಹೆಚ್ಚು ಗುಣ ಕೊಡುತ್ತದೆ. ಗಂಡಂದಿರಿಗೆ ನಾನು ಈಗ ಚೀಟಿಯಲ್ಲಿಯೇ ಬರೆದುಕೊಡುತ್ತೇನೆ. ಕೆಲವರು ನಗುತ್ತಾರೆ, ಕೆಲವರು ಮಡಚಿ ಜೇಬಿಗಿಡುತ್ತಾರೆ.

ಒಂದು ದಿನವಿಡೀ ನೀರೂ ನಿಲ್ಲದಿದ್ದರೆ, ಎಂಟು ಗಂಟೆ ಮೂತ್ರವಾಗದಿದ್ದರೆ ಅಥವಾ ಕಡು ಬಣ್ಣಕ್ಕೆ ತಿರುಗಿದರೆ, ಬಸುರಿಗೆ ಮೊದಲಿದ್ದ ತೂಕದಲ್ಲಿ ನೂರಕ್ಕೆ ಐದರಷ್ಟು ಇಳಿದರೆ, ಅಂದರೆ 50 ಕಿಲೋ ಇದ್ದವಳು ಎರಡೂವರೆ ಕಿಲೋ ಕಳೆದುಕೊಂಡರೆ, ಮನೆಮದ್ದಿನ ಕಾಲ ಮುಗಿಯಿತೆಂದು ತಿಳಿದು ಆಸ್ಪತ್ರೆಗೆ ಸೇರಿಸಬೇಕು. ಗರ್ಭಿಣಿಯರಿಗೆ ಕೊಡಬಹುದಾದ ವಾಂತಿ ನಿರೋಧಕ ಔಷಧಗಳು ಅಲೋಪತಿಯಲ್ಲಿವೆ, ಅವುಗಳಿಗೆ ಹೆದರಬೇಕಿಲ್ಲ.

ಗಂಜಿಯಿಂದ ಹೋಗದ ವಾಕರಿಕೆ

ಘಟ್ಟದ ಬಸ್ಸಿನ ವಾಕರಿಕೆ ಅಪಾಯದ್ದಲ್ಲ. ಹೊರಡುವ ಒಂದೆರಡು ಗಂಟೆ ಮೊದಲು ಲಘುವಾಗಿ ತಿಂದು, ಮುಂದಿನ ಆಸನದಲ್ಲಿ ಕುಳಿತು, ಫೋನು ನೋಡದೆ ದೂರದ ರಸ್ತೆಯನ್ನು ನೋಡುತ್ತಿದ್ದರೆ ಬಹುಪಾಲು ತಪ್ಪುತ್ತದೆ. ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರ ವಿಷಯ ಬೇರೆ. ಅವರು ತಮ್ಮ ವೈದ್ಯರು ಕೊಟ್ಟ ಮಾತ್ರೆಗಳನ್ನು ವಾಕರಿಕೆ ಬರುವ ಮೊದಲೇ, ಹೇಳಿದ ವೇಳೆಗೆ ತೆಗೆದುಕೊಳ್ಳಬೇಕು; ಆಯುರ್ವೇದದ ಔಷಧವನ್ನೂ ಅವರಿಗೆ ತಿಳಿಸದೆ ಸೇವಿಸಬಾರದು. ಇನ್ನೊಂದು ಸೂಕ್ಷ್ಮವಿದೆ. ಔಷಧ ಏರಿಸುವ ದಿನ ರೋಗಿಗೆ ಅತಿ ಪ್ರಿಯವಾದ ತಿನಿಸನ್ನು ಮಾಡಿಕೊಡಬೇಡಿ. ವಾಂತಿಯೊಂದಿಗೆ ಬೆಸೆದುಕೊಂಡ ರುಚಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸೇರುವುದಿಲ್ಲ. ಮಗಳು ಅಕ್ಕರೆಯಿಂದ ಮಾಡಿಕೊಟ್ಟ ಶೇಂಗಾ ಹೋಳಿಗೆಯನ್ನು ಹೀಗೆ ಶಾಶ್ವತವಾಗಿ ಕಳೆದುಕೊಂಡ ಹಿರಿಯರೊಬ್ಬರನ್ನು ನಾನು ಬಲ್ಲೆ. ಆ ದಿನಕ್ಕೆ ಆರಿದ ಮೊಸರನ್ನ, ತಿಳಿಸಾರು ಸಾಕು.

ವಾಕರಿಕೆಯೊಂದಿಗೆ ತಣ್ಣನೆಯ ಬೆವರು, ಮೇಲ್ಹೊಟ್ಟೆ ಅಥವಾ ಎದೆಯ ಬಿಗಿತ, ದವಡೆ ತೋಳುಗಳ ನೋವು ಇದ್ದರೆ ಅದು ಹೃದಯಾಘಾತವಿರಬಹುದು. ಸಕ್ಕರೆ ಕಾಯಿಲೆಯವರಲ್ಲಿ, ಹೆಣ್ಣುಮಕ್ಕಳಲ್ಲಿ ಎದೆನೋವೇ ಇಲ್ಲದೆ ಬರಿ ವಾಕರಿಕೆ, ಬೆವರು, ಸುಸ್ತು ಇರುವುದುಂಟು. ನಮ್ಮ ಓಣಿಯ ವರ್ತಕರೊಬ್ಬರಿಗೆ ಪಿತ್ತವೆಂದು ಮೂರು ಸಲ ನಿಂಬೆ ಸೋಡಾ ಕುಡಿಸಿ ಐದು ಗಂಟೆ ಕಳೆದರು. ಬದುಕಿದರು, ಆದರೆ ಈಗ ಹತ್ತು ಮೆಟ್ಟಿಲು ಹತ್ತಲಾರರು.

ಹತ್ತಿ, ಮೆಣಸಿನಕಾಯಿ ಹೊಲಗಳಿಗೆ ಔಷಧ ಹೊಡೆದು ಬಂದವರಿಗೆ ವಾಕರಿಕೆ, ಜೊಲ್ಲು, ಬೆವರು, ಕಣ್ಣು ಮಂಜಾಗುವುದು ಕಂಡರೆ ಅದು ವಿಷ ಮೈಗೆ ಸೇರಿದ ಲಕ್ಷಣ. ಹಾಲು ಕುಡಿಸುವುದು, ಉಪ್ಪುನೀರಿನಿಂದ ವಾಂತಿ ಮಾಡಿಸುವುದು ಬೇಡ. ಬಟ್ಟೆ ಕಳಚಿಸಿ, ಸಾಬೂನಿನಿಂದ ಮೈ ತೊಳೆಸಿ, ಔಷಧದ ಡಬ್ಬಿಯೊಂದಿಗೆ ಆಸ್ಪತ್ರೆಗೆ ಒಯ್ಯಬೇಕು. ತೊಳೆಯುವವರು ಕೈಗೆ ಗ್ಲೌಸ್ ಹಾಕಿಕೊಳ್ಳಬೇಕು. ವಾಂತಿಯಲ್ಲಿ ರಕ್ತ ಅಥವಾ ಕಾಫಿಪುಡಿಯಂಥ ಕಪ್ಪು, ತಲೆಗೆ ಪೆಟ್ಟು ಬಿದ್ದ ನಂತರದ ವಾಂತಿ, ಕತ್ತು ಬಿಗಿದ ತಲೆನೋವು, ಹಸುಗೂಸಿನ ಹಸಿರು ವಾಂತಿ ಇವುಗಳಿಗೂ ಕಾಯುವಂತಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಊಟವಿಲ್ಲವೆಂದು ಅದನ್ನು ತಾವೇ ನಿಲ್ಲಿಸದೆ, ರಕ್ತದ ಸಕ್ಕರೆ ಪರೀಕ್ಷಿಸಿ ವೈದ್ಯರನ್ನು ಕೂಡಲೇ ಸಂಪರ್ಕಿಸಬೇಕು.

ಹಸಿವು ಮರಳಿದಾಗ

ಎರಡನೆಯ ದಿನ ಬೆಳಿಗ್ಗೆ ರೋಗಿ ತಾನಾಗಿ "ಏನಿದೆ ಮನೆಯಲ್ಲಿ?" ಎಂದು ಕೇಳಿದರೆ ಅಗ್ನಿ ಮರಳುತ್ತಿದೆಯೆಂದು ಅರ್ಥ. ಆಗಲೇ ಮನೆಯವರ ಕೈ ಸಡಿಲಾಗುವುದು. ಪಂಚಕರ್ಮದ ನಂತರ ಅನುಸರಿಸುವ ಸಂಸರ್ಜನ ಕ್ರಮ ಇಲ್ಲಿಯೂ ಉಪಯುಕ್ತ: ಮೊದಲು ತೆಳುಗಂಜಿ, ಆಮೇಲೆ ನಾಲ್ಕು ಪಾಲು ನೀರಿನಲ್ಲಿ ಬೆಂದ ಗಟ್ಟಿ ಗಂಜಿಯಾದ ವಿಲೇಪಿ, ನಂತರ ಒಗ್ಗರಣೆಯಿಲ್ಲದ ಹೆಸರುಕಟ್ಟು, ಅದರ ನಂತರ ತುಸು ತುಪ್ಪ ಜೀರಿಗೆಯ ಒಗ್ಗರಣೆ ಕೊಟ್ಟ ಹೆಸರುಕಟ್ಟು. ಬೆಣ್ಣೆ ತೆಗೆದ ತಿಳಿಮಜ್ಜಿಗೆಗೆ ಹುರಿದ ಜೀರಿಗೆ, ಸೈಂಧವ ಹಾಕಿ ಮಧ್ಯಾಹ್ನ ಕೊಡಬಹುದು.

ದಾಸೋಹದ ಆ ತಾಯಿಗೆ ಮಾತ್ರೆಯ ವೇಳೆಯನ್ನು ಅವರ ವೈದ್ಯರೊಂದಿಗೆ ಮಾತನಾಡಿ ಬದಲಾಯಿಸಿದೆವು. ಸೋಮವಾರದ ಉಪವಾಸ ಒಪ್ಪೊತ್ತಾಯಿತು. ಮುಂದಿನ ವಾರ ಪಂಕ್ತಿಯಲ್ಲಿ ಮತ್ತೆ ಕಂಡರು. ಬಡಿಸುವ ಹುಡುಗನಿಗೆ ಅಂಗೈ ಅಡ್ಡ ಹಿಡಿದು, "ಒಂದು ಸೌಟು ಅನ್ನ, ಸಾರು ಮೇಲೆ ಬೇಕಾದರೆ ಕೇಳುತ್ತೇನೆ" ಎಂದರು. ಎರಡನೆಯ ಸಲ ಕೇಳಿಯೂ ಹಾಕಿಸಿಕೊಂಡರು.